ಹೊಸ ಹಡಗು, ಕೊಳೆತ ಮರ

1810ರಲ್ಲಿ ಇಂಗ್ಲೆಂಡಿನ ಡೆಟ್‌ಫರ್ಡಿನಲ್ಲಿ ‘ಕ್ವೀನ್ ಷಾರ್ಲಟ್’ ಎಂಬ ಯುದ್ಧನೌಕೆ ನೀರಿಗಿಳಿಯಿತು. ನೂರಕ್ಕೂ ಮಿಕ್ಕ ಫಿರಂಗಿಗಳನ್ನು ಹೊರಬೇಕಾದ ಆ ನೌಕೆ ಶತ್ರುವಿನ ಮುಖ ಕಾಣುವ ಮೊದಲೇ ಒಳಗಿಂದೊಳಗೆ ಕೊಳೆಯಿತು! 1812ರಲ್ಲಿ ಅದನ್ನು ಪರೀಕ್ಷಿಸಲು ಕರೆಸಿದ್ದು ಯಾರನ್ನೆಂದಿರಿ? ಬಡಗಿಯನ್ನಲ್ಲ, ಸಸ್ಯಗಳ ಚಿತ್ರ ಬರೆಯುತ್ತಿದ್ದ ಪ್ರಕೃತಿಶಾಸ್ತ್ರಜ್ಞ ಜೇಮ್ಸ್ ಸೋವರ್ಬಿಯನ್ನು. ಅವನು ಕಂಡದ್ದು ಅಣಬೆಗಳನ್ನು. ಹಸಿ ಮರ, ಗಾಳಿಯಾಡದ ಒಡಲು. ಅಣಬೆಗೆ ಇನ್ನೇನು ಬೇಕು? ಕೊಳೆತ ಮರ ತೆಗೆದು ಹೊಸದನ್ನು ಜೋಡಿಸಿದ ಮೇಲೆ ಅದೇ ನೌಕೆ 1816ರಲ್ಲಿ ಅಲ್ಜಿಯರ್ಸಿನ ಮುಂದೆ ಲಾರ್ಡ್ ಎಕ್ಸ್‌ಮತ್ತನ ಧ್ವಜನೌಕೆಯಾಗಿ ಕಾದಿತು.

ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನೂಲನ್ನು ರಾಳದಲ್ಲಿ ತೋಯಿಸಿ ಮಾಡುವ ಫೈಬರ್‌ಗ್ಲಾಸ್ ದೋಣಿಗಳು ಬಳಕೆಗೆ ಬಂದವು. ಗಾಜಿಗೆ ಕೊಳೆತವೆಲ್ಲಿಯದು? ಆದರೆ ಎಂಜಿನ್ನನ್ನು ತೂಗುಹಾಕುವ ಹಿಂಬದಿಯ ಅಡ್ಡಗೋಡೆಗೆ, ಬಲವಿರಲೆಂದು, ಒಳಗೆ ಪ್ಲೈವುಡ್ಡನ್ನೇ ಹುದುಗಿಸಿದರು. ಬೋಲ್ಟಿನ ತೂತಿನಿಂದ ಇಳಿದ ನೀರಿಗೆ ಹೊರಬರುವ ದಾರಿಯಿಲ್ಲ. ಷಾರ್ಲಟ್ಟಿನ ಕಥೆಯೇ ಮತ್ತೆ: ಹೊರಗೆ ಹೊಳಪು, ಒಳಗೆ ಪುಡಿ. ಅಲಕ್ಷ್ಯ ಮಾಡಿದರೆ ಓಟದ ನಡುವೆ ಎಂಜಿನ್ನೇ ಕಿತ್ತು ನೀರುಪಾಲಾದೀತು. ಮೇಲೆ ಬಣ್ಣ ಬಳಿದು ಫಲವಿಲ್ಲ. ಒಳಪದರವನ್ನು ಕೊಯ್ದು, ಗಟ್ಟಿ ಮರ ಸಿಗುವತನಕ ಕೆರೆದು, ಪೂರ್ತಿ ಒಣಗಿಸಿ (ಅವಸರದವರು ತಪ್ಪುವುದು ಇಲ್ಲಿಯೇ), ಹೊಸ ಹಲಗೆಯನ್ನು ರಾಳದಿಂದ ಬೆಸೆದು ಮತ್ತೆ ಗಾಜಿನ ಹೊದಿಕೆ ಹಾಕಬೇಕು. ಪ್ರತಿಯೊಂದು ತೂತಿನ ಒಳಅಂಚಿಗೂ ರಾಳ ಕುಡಿಸಬೇಕು.