ಉಸ್ಮಾನಿಯಾದಿಂದ ನಾಗಪುರಕ್ಕೆ: 1938ರ ವಿದ್ಯಾರ್ಥಿಗಳು

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಲಾ ಕಾಲೇಜಿನ ಕಲ್ಲಿನ ಕಟ್ಟಡ ಪರಿಚಿತವಾದದ್ದು. ಊರು ನೋಡಲು ಬಂದ ನೆಂಟರನ್ನು ನಾವು ಅಲ್ಲಿಗೂ ಕರೆದೊಯ್ಯುತ್ತೇವೆ. ಆದರೆ ಕಲಬುರಗಿ, ರಾಯಚೂರು, ಬೀದರ್‌ಗಳ ಹುಡುಗರಿಗೆ ಒಂದು ಕಾಲದಲ್ಲಿ ಅದೇ ತಮ್ಮ ವಿಶ್ವವಿದ್ಯಾಲಯವಾಗಿತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕಲಬುರಗಿಯಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದವರು ಪದವಿಗಾಗಿ ಇಲ್ಲಿಗೇ ಬರಬೇಕಿತ್ತು. ಆ ಕಾರಣದಿಂದ 1938ರ ವಿದ್ಯಾರ್ಥಿ ಮುಷ್ಕರದ ಕಥೆ ತೆಲುಗರಿಗೂ ಮರಾಠಿಗರಿಗೂ ಸೇರಿರುವಂತೆ ನಮಗೂ ಸೇರಿದ್ದು.

1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ಒಂದು ದೊಡ್ಡ ಸಾಹಸವೇ ಆಗಿತ್ತು. ಆಧುನಿಕ ವಿದ್ಯೆಯನ್ನೆಲ್ಲ ಭಾರತೀಯ ಭಾಷೆಯೊಂದರಲ್ಲಿ ಕಲಿಸಬಹುದೆಂದು ಮೊದಲು ತೋರಿಸಿಕೊಟ್ಟ ವಿಶ್ವವಿದ್ಯಾಲಯ ಅದು. ವಿಜ್ಞಾನ, ಚರಿತ್ರೆ, ಕಾನೂನುಗಳ ಗ್ರಂಥಗಳನ್ನು ಉರ್ದುವಿಗೆ ತರಲು ಅಲ್ಲಿ ಪ್ರತ್ಯೇಕ ಅನುವಾದ ವಿಭಾಗವೇ ಇತ್ತು. ಕನ್ನಡ ಮಾಧ್ಯಮದ ಉನ್ನತ ಶಿಕ್ಷಣವನ್ನು ಕುರಿತು ಇಂದಿಗೂ ಚರ್ಚಿಸುತ್ತಿರುವ ನಾವು ಆ ಪ್ರಯತ್ನವನ್ನು ಗೌರವದಿಂದಲೇ ಕಾಣಬೇಕು. ಆದರೆ ರಾಜ್ಯದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡವಾಗಿತ್ತು; ಅವರ ಪಾಲಿಗೆ ಉರ್ದುವೂ ಕಲಿತು ಪಡೆದ ಭಾಷೆಯೇ. ಸಭೆ ಸೇರುವುದಕ್ಕೆ, ಸಂಘ ಕಟ್ಟುವುದಕ್ಕೆ ನಿಜಾಮರ ಆಡಳಿತದಲ್ಲಿ ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಅಕ್ಟೋಬರ್‌ನಲ್ಲಿ ಸತ್ಯಾಗ್ರಹ ಆರಂಭಿಸಿ ಸೆರೆಮನೆಗೆ ಹೋದವರಲ್ಲಿ ಸ್ವಾಮಿ ರಮಾನಂದ ತೀರ್ಥರೂ ಒಬ್ಬರು. ಸಿಂದಗಿಯಲ್ಲಿ ಹುಟ್ಟಿ, ಸೊಲ್ಲಾಪುರದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅಸಹಕಾರ ಚಳವಳಿಯ ಸೆಳೆತಕ್ಕೆ ಸಿಕ್ಕಿದವರು ಅವರು.

ವಿದ್ಯಾರ್ಥಿಗಳ ಮುಷ್ಕರ ಆರಂಭವಾದದ್ದು ಇದೇ ವಾತಾವರಣದಲ್ಲಿ. ಹಾಸ್ಟೆಲಿನ ಪ್ರಾರ್ಥನಾ ಕೊಠಡಿಯಲ್ಲಿ ಹುಡುಗರು ‘ವಂದೇ ಮಾತರಂ’ ಹಾಡುತ್ತಿದ್ದರು. ಹಾಡಕೂಡದೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ಔರಂಗಾಬಾದಿನ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಮೊದಲು ಕಾಣಿಸಿದ ಪ್ರತಿಭಟನೆ ನವೆಂಬರ್ ಕೊನೆಯ ಹೊತ್ತಿಗೆ ಉಸ್ಮಾನಿಯಾವನ್ನು ಮುಟ್ಟಿತು. ಕಲಬುರಗಿಯ ಕಾಲೇಜಿಗೂ ಹಬ್ಬಿತು. ಆಜ್ಞೆಗೆ ಮಣಿಯದ ನೂರಾರು ವಿದ್ಯಾರ್ಥಿಗಳ ಹೆಸರನ್ನು ಕಾಲೇಜಿನ ದಾಖಲೆಯಿಂದ ತೆಗೆದುಹಾಕಲಾಯಿತು. ಹಾಸ್ಟೆಲಿನ ಬಾಗಿಲೂ ಅವರಿಗೆ ಮುಚ್ಚಿತು.

ಇಲ್ಲಿಯವರೆಗಿನ ಘಟನೆಯನ್ನು ನಮ್ಮ ಚರಿತ್ರೆಯ ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತವೆ. ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವುದು ಮುಂದಿನ ಭಾಗ. ಘೋಷಣೆ ಕೂಗಲು ಒಂದು ದಿನದ ಧೈರ್ಯ ಸಾಕು. ಹೆಸರು ಕಳೆದುಕೊಂಡ ಹುಡುಗ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು? ಸಾಲ ಮಾಡಿ ಓದಿಸುತ್ತಿದ್ದ ತಂದೆಗೆ ಏನು ಹೇಳಬೇಕು? ಸಂಸ್ಥಾನದಲ್ಲಿ ಇದ್ದದ್ದು ಒಂದೇ ವಿಶ್ವವಿದ್ಯಾಲಯ; ಅದು ಕೈಬಿಟ್ಟರೆ ಓದು ನಿಂತಂತೆಯೇ. ಆಗ ವಿದ್ಯಾರ್ಥಿಗಳ ಪ್ರತಿನಿಧಿಗಳು ಸಂಸ್ಥಾನದ ಹೊರಗೆ ರಾಷ್ಟ್ರನಾಯಕರನ್ನು ಕಂಡರು, ಬೇರೆ ವಿಶ್ವವಿದ್ಯಾಲಯಗಳ ಬಾಗಿಲು ತಟ್ಟಿದರು. ನಾಗಪುರ ವಿಶ್ವವಿದ್ಯಾಲಯದ ಕುಲಪತಿ ಟಿ. ಜೆ. ಕೇದಾರ್ ಅವರನ್ನು ಸೇರಿಸಿಕೊಳ್ಳಲು ಒಪ್ಪಿದರು. ಉರ್ದುವಿನಲ್ಲಿ ಭೌತಶಾಸ್ತ್ರವನ್ನೂ ಚರಿತ್ರೆಯನ್ನೂ ಓದಿದ್ದವರು ಈಗ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬೇಕಾಯಿತು. ಪರ ಊರು, ಪರ ಭಾಷೆ, ಹೊಸ ಪಠ್ಯ. ನಾಯಕತ್ವದ ನಿಜವಾದ ಪಾಠ ಅಲ್ಲಿ ಆರಂಭವಾಯಿತೆಂದು ನಮಗೆ ತೋರುತ್ತದೆ. ತಮ್ಮ ಮಾತು ನಂಬಿ ಹೊರಬಂದವರ ಊಟ, ವಸತಿ, ಓದುಗಳ ಹೊಣೆ ಹೊರುವುದೇ ಮುಂದಾಳಿನ ಕೆಲಸ. ಭಾಷಣ ಅದರ ಒಂದು ಸಣ್ಣ ಭಾಗ ಮಾತ್ರ.

ಹೀಗೆ ಹೊರಬಿದ್ದವರಲ್ಲಿ ಹನುಮಕೊಂಡದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದ ಹದಿನೇಳರ ಹರೆಯದ ಪಿ. ವಿ. ನರಸಿಂಹರಾವ್ ಒಬ್ಬರು. ನಾಗಪುರಕ್ಕೆ ಹೋದರು; ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದರು; ಮತ್ತೆ ನಾಗಪುರದಲ್ಲಿ ಕಾನೂನು ಓದಿದರು. ಹೈದರಾಬಾದಿಗೆ ಮರಳಿ ಬೂರ್ಗುಲ ರಾಮಕೃಷ್ಣರಾಯರ ಬಳಿ ವಕೀಲಿ ಕಲಿತರು. ರಮಾನಂದ ತೀರ್ಥರನ್ನು ಗುರುವೆಂದು ಭಾವಿಸಿದರು. 1947–48ರ ವಿಮೋಚನಾ ಹೋರಾಟದಲ್ಲಿ ಸಂಸ್ಥಾನದ ಗಡಿಯಾಚೆಯ ಚಾಂದಾ ಶಿಬಿರದಲ್ಲಿ ದುಡಿದರು. 1991ರಲ್ಲಿ ದೇಶದ ಪ್ರಧಾನಿಯಾದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಊರೂರು ಅಲೆದ ಆ ಓದು ಅವರಿಗೆ ಹಲವು ಭಾಷೆಗಳನ್ನೂ ಗಟ್ಟಿಮಾಡಿಕೊಟ್ಟಿತು. ವಿಶ್ವನಾಥ ಸತ್ಯನಾರಾಯಣರ ತೆಲುಗು ಕಾದಂಬರಿ ‘ವೇಯಿಪಡಗಲು’ವನ್ನು ಅವರು ಹಿಂದಿಗೆ ತಂದರು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ತೆಲುಗಿಗೆ ಅನುವಾದಿಸಿದರು. ಬಹಿಷ್ಕಾರವೆಂಬುದು ಕೆಲವರಿಗೆ ಹೀಗೂ ಫಲಿಸುತ್ತದೆ. ಆದರೆ ಒಬ್ಬರ ಏಳಿಗೆಯನ್ನು ಮಾತ್ರ ಕೊಂಡಾಡಿ ಉಳಿದ ನೂರಾರು ಮಂದಿಯನ್ನು ಮರೆಯುವುದು ನ್ಯಾಯವಲ್ಲ. ಎಲ್ಲರಿಗೂ ನಾಗಪುರದವರೆಗೆ ಹೋಗುವ ಅನುಕೂಲ ಇದ್ದಿರಲಾರದು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆ ಹಾಡು ಎಲ್ಲರಿಗೂ ಒಂದೇ ಅರ್ಥ ಕೊಡುತ್ತಿರಲಿಲ್ಲ. ಮುಸ್ಲಿಮರ ಆಕ್ಷೇಪವನ್ನು ಗಮನಿಸಿ, ಮೊದಲ ಎರಡು ಚರಣಗಳನ್ನಷ್ಟೇ ರಾಷ್ಟ್ರೀಯ ಸಭೆಗಳಲ್ಲಿ ಹಾಡಬೇಕೆಂದು 1937ರಲ್ಲಿಯೇ ಕಾಂಗ್ರೆಸ್ ಕಾರ್ಯಸಮಿತಿ ತೀರ್ಮಾನಿಸಿತ್ತು. ಹೈದರಾಬಾದಿನಲ್ಲಿ ಆರ್ಯಸಮಾಜ ಮತ್ತು ಹಿಂದೂ ಮಹಾಸಭೆಗಳ ಸತ್ಯಾಗ್ರಹಗಳೂ ಅದೇ ಕಾಲಕ್ಕೆ ನಡೆಯುತ್ತಿದ್ದುದರಿಂದ, ಪ್ರಜಾಸ್ವಾತಂತ್ರ್ಯದ ಪ್ರಶ್ನೆ ಮತೀಯ ಜಗಳವಾಗಿ ಕಾಣುವ ಅಪಾಯವಿತ್ತು. ಗಾಂಧೀಜಿಯವರ ಸಲಹೆಯಂತೆ ಸ್ಟೇಟ್ ಕಾಂಗ್ರೆಸ್ ಡಿಸೆಂಬರ್‌ನಲ್ಲಿ ತನ್ನ ಸತ್ಯಾಗ್ರಹವನ್ನು ನಿಲ್ಲಿಸಿತು. ಉತ್ಸಾಹದಲ್ಲಿದ್ದ ಯುವಕರಿಗೆ ಅದು ಕಹಿಯೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ಯಾವ ಹಕ್ಕಿಗಾಗಿ ನಾವು ನಿಂತಿದ್ದೇವೆ, ಯಾರ ವಿರುದ್ಧ ನಿಂತಿಲ್ಲ ಎಂಬ ವಿವೇಕ ಮುಂದಾಳಿಗೆ ಧೈರ್ಯದಷ್ಟೇ ಅಗತ್ಯ. ಇಂದಿನ ಕ್ಯಾಂಪಸ್ಸುಗಳನ್ನು ನೋಡುವಾಗ ಈ ವಿವೇಕದ ಬೆಲೆ ನಮಗೆ ಇನ್ನಷ್ಟು ತಿಳಿಯುತ್ತದೆ.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ವಿಮೋಚನೆಗೊಂಡಿತು. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರುಗಳು ಕನ್ನಡನಾಡನ್ನು ಕೂಡಿಕೊಂಡವು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ದೊರೆತದ್ದು 1980ರಲ್ಲಿ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು ಎಂದು ಬಾಳಿದ ಆ ಹಳೆಯ ವಿದ್ಯಾರ್ಥಿಗಳ ಸ್ಥಿತಿ ಹೊರನಾಡಿನಲ್ಲಿರುವ ನಮ್ಮ ಮಕ್ಕಳ ಸ್ಥಿತಿಗೆ ಬಹಳ ಹತ್ತಿರವಾದದ್ದು. ಅವರು ಅದನ್ನು ಕೊರತೆಯೆಂದು ಕೊರಗುತ್ತ ಕೂಡಲಿಲ್ಲ. ಮೂರು ಭಾಷೆಗಳ ಜನರೊಡನೆ ಸೇರಿ ನಿಂತರು. ಕಲಬುರಗಿ ಕಡೆಯ ಹಿರಿಯರು ನಮ್ಮ ಕನ್ನಡ ಸಂಘಗಳಲ್ಲಿ ಇನ್ನೂ ಇದ್ದಾರೆ. ತಮ್ಮ ತಂದೆ, ದೊಡ್ಡಪ್ಪಂದಿರಿಂದ ಆ ದಿನಗಳ ವಿಚಾರವಾಗಿ ಕೇಳಿದ್ದನ್ನು ಅವರು ಹೇಳಬಲ್ಲರು. ಅವರಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವುದು ನಮ್ಮೆಲ್ಲರ ಕೆಲಸ.