ಹಂಪೆಯ ದೀಪ, ಗೋದಲಿಯ ಹುಲ್ಲು
(ಕ್ರಿಸ್ತಜಯಂತಿಯ ಸಣ್ಣ ಸಂತೋಷಗಳ ಒಂದು ಚರಿತ್ರೆ)



ಆಗಮನ ಕಾಲದ ಮೂರನೆಯ ಭಾನುವಾರವನ್ನು ಧರ್ಮಸಭೆಯು ಸಂತೋಷದ ಭಾನುವಾರವೆಂದು ಆಚರಿಸುತ್ತದೆ. ಅಂದು ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರವನ್ನು ಬದಿಗಿಟ್ಟು ಗುಲಾಬಿ ಬಣ್ಣದ್ದನ್ನು ಧರಿಸುವ ರೂಢಿಯಿದೆ. ಹಬ್ಬಕ್ಕೆ ಇನ್ನೂ ಹಲವು ದಿನಗಳಿರುತ್ತವೆ. ಆದರೂ ಧರ್ಮಸಭೆಯು ಒಂದು ಬಣ್ಣವನ್ನು ಬದಲಾಯಿಸಿ ಭಕ್ತರ ಮನಸ್ಸನ್ನು ಮೇಲೆತ್ತುತ್ತದೆ. ಕುಗ್ಗಿದ ಮನಸ್ಸನ್ನು ಎತ್ತಲು ಇಂಥ ಸಣ್ಣ ಸಂಗತಿ ಸಾಕಾಗುತ್ತದೆಂಬುದು ಆ ತಾಯಿಗೆ ಶತಮಾನಗಳಿಂದ ಗೊತ್ತು.

ಡಿಸೆಂಬರ್ ತಿಂಗಳಲ್ಲಿ ಮನೆಮನೆಗೆ ಭೇಟಿ ನೀಡುವ ಗುರುಗಳೆಲ್ಲರೂ ಕೇಳುವ ಮಾತೊಂದಿದೆ: "ಫಾದರ್, ಈ ಸಲ ನಮ್ಮನ್ಯಾಗ ಹಬ್ಬ ಇಲ್ರಿ." ಒಂದು ಮನೆಯಲ್ಲಿ ಸಾವಾಗಿರುತ್ತದೆ, ಇನ್ನೊಂದರಲ್ಲಿ ಸಾಲ ತಲೆಯ ಮೇಲಿರುತ್ತದೆ, ಮತ್ತೊಂದರಲ್ಲಿ ಮಗನಿಗೆ ದೂರದೂರಿನಿಂದ ಬರಲು ರಜೆ ಸಿಕ್ಕಿರುವುದಿಲ್ಲ. ಹಬ್ಬವೆಂದರೆ ಹೊಸ ಬಟ್ಟೆ, ದೊಡ್ಡ ಕೇಕು, ಮನೆ ತುಂಬ ನೆಂಟರು ಎಂದು ನಾವು ತಿಳಿದುಕೊಂಡಿದ್ದೇವೆ. ಆದ್ದರಿಂದ ಅವು ಇಲ್ಲದ ವರ್ಷ ಹಬ್ಬವೇ ಇಲ್ಲವೆಂದು ತೋರುತ್ತದೆ. ಈ ಮಾತಿಗೆ ನಮ್ಮ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಚರಿತ್ರೆಯೇ ಒಂದು ಉತ್ತರ ಕೊಡುತ್ತದೆ.

ಒಂದು ಪ್ರಾಯಶ್ಚಿತ್ತದಿಂದ ಬಂದ ಚರಿತ್ರೆ

ಸುಮಾರು 1420ರಲ್ಲಿ ನಿಕೊಲೊ ಕೊಂತಿ ಎಂಬ ವೆನಿಸ್ಸಿನ ವರ್ತಕ ವಿಜಯನಗರಕ್ಕೆ ಬಂದನು. ಇಪ್ಪತ್ತೈದು ವರ್ಷಗಳ ಕಾಲ ಪೂರ್ವದೇಶಗಳಲ್ಲಿ ಅಲೆದು, ಭಾರತದಲ್ಲಿಯೇ ಮದುವೆಯಾಗಿ, ಮಕ್ಕಳನ್ನು ಪಡೆದು ಊರಿಗೆ ಹಿಂದಿರುಗುತ್ತಿದ್ದಾಗ ಅವನಿಗೆ ದೊಡ್ಡ ಸಂಕಟ ಎದುರಾಯಿತು. ಹೆಂಡತಿ ಮಕ್ಕಳ ಪ್ರಾಣ ಉಳಿಸಲು ಅವನು ಕ್ರೈಸ್ತ ವಿಶ್ವಾಸವನ್ನೇ ನಿರಾಕರಿಸಬೇಕಾಯಿತು. ಇಷ್ಟಾದರೂ ಈಜಿಪ್ಟಿನಲ್ಲಿ ಸಾಂಕ್ರಾಮಿಕ ರೋಗಕ್ಕೆ ಅವನ ಪತ್ನಿಯೂ ಇಬ್ಬರು ಮಕ್ಕಳೂ ಬಲಿಯಾದರು. ಇಟಲಿಗೆ ಮರಳಿದ ಅವನು ಜಗದ್ಗುರು ನಾಲ್ಕನೆಯ ಯುಜೀನಿಯಸರ ಬಳಿ ಕ್ಷಮೆ ಬೇಡಿದನು. ಅವರು ಕ್ಷಮಿಸಿ, ಕಂಡದ್ದನ್ನೆಲ್ಲ ತಮ್ಮ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿಗೆ ಸತ್ಯವಾಗಿ ಹೇಳಬೇಕೆಂಬ ಪ್ರಾಯಶ್ಚಿತ್ತವನ್ನು ವಿಧಿಸಿದರೆಂದು ಪ್ರತೀತಿ. ಹಂಪೆಯ ವೈಭವವನ್ನು ಯುರೋಪಿಗೆ ಮೊದಲು ತಿಳಿಸಿದ ಬರಹಗಳಲ್ಲೊಂದು ಹೀಗೆ ಹುಟ್ಟಿತು.

ಹೆಂಡತಿ ಮಕ್ಕಳನ್ನು ಕಳೆದುಕೊಂಡ ಆ ಮನುಷ್ಯನಿಗೆ ನಮ್ಮ ನಾಡಿನ ಏನೇನು ನೆನಪಿತ್ತು? ನಗರದ ಸುತ್ತಳತೆ, ಅರಸನ ಬಲ ಇವನ್ನು ಹೇಳುತ್ತಾನೆ, ನಿಜ. ಜೊತೆಗೆ ಹಬ್ಬಗಳನ್ನು ನೆನೆಯುತ್ತಾನೆ. ಜನರು ಹೊಳೆಯಲ್ಲಿ ಮಿಂದು, ಹೊಸ ಬಟ್ಟೆಯುಟ್ಟು ಮೂರು ದಿನ ಹಾಡು, ಕುಣಿತ, ಊಟಗಳಲ್ಲಿ ಕಳೆಯುತ್ತಿದ್ದರಂತೆ. ಇನ್ನೊಂದು ಹಬ್ಬದಲ್ಲಿ ಗುಡಿಗಳ ಒಳಗೂ ಮಾಳಿಗೆಗಳ ಮೇಲೂ ಲೆಕ್ಕವಿಲ್ಲದಷ್ಟು ಎಳ್ಳೆಣ್ಣೆಯ ದೀಪಗಳು ಹಗಲು ರಾತ್ರಿ ಉರಿಯುತ್ತಿದ್ದವಂತೆ. ಮತ್ತೊಂದರಲ್ಲಿ ದಾರಿಯಲ್ಲಿ ಹೋಗುವವರ ಮೇಲೆ, ರಾಜ ರಾಣಿಯರೆಂದೂ ನೋಡದೆ, ಕೇಸರಿ ನೀರು ಎರಚುತ್ತಿದ್ದರಂತೆ. ಎಲ್ಲರೂ ಅದನ್ನು ನಗುತ್ತಲೇ ಸ್ವೀಕರಿಸುತ್ತಿದ್ದರಂತೆ. ಸ್ನಾನ, ಬಟ್ಟೆ, ದೀಪ, ನಗು: ಬಡವನ ಮನೆಗೂ ಎಟಕುವ ಇವು ದುಃಖಿಯ ನೆನಪಿನಲ್ಲಿ ಸಮುದ್ರಗಳನ್ನು ದಾಟಿ ಹೋದವು.

ರತ್ನದ ಬೀದಿಯಲ್ಲಿ ನಿಂಬೆಹಣ್ಣು

1443ರಲ್ಲಿ ಬಂದ ಪಾರಸೀ ರಾಯಭಾರಿ ಅಬ್ದುರ್ ರಜಾಕನಿಗೆ ಇಲ್ಲಿನ ಗುಲಾಬಿಯ ಮೋಹ ಅಚ್ಚರಿ ತಂದಿತು. ಈ ಜನರಿಗೆ ಊಟದಷ್ಟೇ ಹೂವೂ ಬೇಕು ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬಂದನು. ವಜ್ರ, ಮಾಣಿಕ್ಯ, ಮುತ್ತು ಮಾರುವ ಒಂದು ಬೀದಿಯನ್ನು ಅವನು ಬಣ್ಣಿಸುತ್ತಾನೆ. ಅದೇ ಬೀದಿಯಲ್ಲಿ ದಿನವೂ ಸಂಜೆ ಸಂತೆ ನೆರೆಯುತ್ತಿತ್ತು. ಅಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಯ, ಸೌದೆ ಎಲ್ಲವೂ ಸಿಗುತ್ತಿತ್ತು.

ನಮ್ಮ ಹೊಸಪೇಟೆಯೂ ಆ ಕಾಲದ್ದೇ. ನಾಗಲಾಪುರವೆಂಬ ಹೆಸರಿನಲ್ಲಿ ರಾಯನು ಕಟ್ಟಿಸಿದ ಹೊಸ ಪಟ್ಟಣವದು. ಅಲ್ಲಿನ ದೊಡ್ಡ ಕೆರೆಯ ಕೆಲಸಕ್ಕೆ ಜೊವಾವ್ ದೆ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನ ನೆರವು ದೊರೆಯಿತೆಂದು ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು ಬರೆದಿದ್ದಾನೆ. ಕೆರೆಯ ಕೆಳಗಿನ ಭೂಮಿಯನ್ನು ಹಸನು ಮಾಡುವವರಿಗೆ ಮೊದಲ ಒಂಬತ್ತು ವರ್ಷ ಕಂದಾಯ ಇರಲಿಲ್ಲವಂತೆ. ದೂರದೇಶದ ಕ್ರೈಸ್ತನೊಬ್ಬನ ಕೈಗಳು ಇಲ್ಲಿನ ರೈತರ ಬಾಯಾರಿಕೆಗಾಗಿ ದುಡಿದವೆಂಬುದನ್ನು ಓದುವಾಗ ಮನಸ್ಸು ತುಂಬುತ್ತದೆ.

1565ರ ಜನವರಿಯಲ್ಲಿ ಯುದ್ಧ ಸೋತಿತು, ನಗರ ಸುಲಿಗೆಯಾಯಿತು. ರತ್ನದ ಅಂಗಡಿಗಳು ಉಳಿಯಲಿಲ್ಲ, ಅರಮನೆಗಳ ಅಡಿಪಾಯ ಮಾತ್ರ ಉಳಿಯಿತು. ಆದರೆ ನಾಶದ ಮರುವರ್ಷವೂ ಕಾಲುವೆಗಳಲ್ಲಿ ನೀರು ಹರಿಯುತ್ತಲೇ ಇತ್ತು. ತುರ್ತಾ ಕಾಲುವೆ ಇಂದಿಗೂ ಹಂಪೆಯ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿದೆ. ಎಳ್ಳೆಣ್ಣೆಯ ದೀಪ ಉಳಿಯಿತು, ಮುಡಿಯ ಹೂವು ಉಳಿಯಿತು, ಸಂಜೆಯ ಸಂತೆಯ ನಿಂಬೆಹಣ್ಣೂ ಉಳಿಯಿತು. ಸಾಮ್ರಾಜ್ಯದ ವೈಭವ ಒಂದೇ ಯುದ್ಧಕ್ಕೆ ಮುಗಿಯಿತು. ಜನರ ಸಣ್ಣ ಸಂತೋಷಗಳನ್ನು ಸುಲಿಯಲು ಯಾವ ಸೈನ್ಯಕ್ಕೂ ಆಗಲಿಲ್ಲ.

ಒಂದು ಹಿಡಿ ಹುಲ್ಲು

ಈಗ ಸಂತ ಲೂಕನ ಶುಭಸಂದೇಶವನ್ನು ನೆನೆಯೋಣ. ಲೋಕೋದ್ಧಾರಕ ಹುಟ್ಟಿದ್ದಾನೆಂಬ ಸುದ್ದಿಯನ್ನು ಕುರುಬರಿಗೆ ತಂದ ದೇವದೂತನು ಕೊಟ್ಟ ಗುರುತು ಯಾವುದು? ಬಟ್ಟೆಯಲ್ಲಿ ಸುತ್ತಿದ, ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು. ಹಟ್ಟಿಯಲ್ಲಿ ಹುಟ್ಟಿ ಬೆಳೆದ ಆ ಕುರುಬರಿಗೆ ಹೊಸದೇನೂ ಅಲ್ಲದ ವಸ್ತುಗಳು! ದೇವರು ತಮ್ಮ ಪುತ್ರನ ಗುರುತನ್ನು ಅವರ ದಿನನಿತ್ಯದ ಬದುಕಿನಿಂದಲೇ ಆರಿಸಿದರು.

ಇದನ್ನು ಚೆನ್ನಾಗಿ ಅರಿತವರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ತಜಯಂತಿಗೆ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವರು ಗೋದಲಿ ಸಿದ್ಧಪಡಿಸಿದರು. ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಕ್ರಿಸ್ತಜಯಂತಿಯಂದು ಎತ್ತು ಕತ್ತೆಗಳಿಗೂ ಎಂದಿಗಿಂತ ಹೆಚ್ಚು ಮೇವು ಸಿಗಬೇಕೆಂಬುದು ಅವರ ಆಸೆಯಾಗಿತ್ತು. ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚುವ ನಮ್ಮ ಕಂಪ್ಲಿಯ ರೈತನಿಗೆ ಈ ಸಂತರ ಮನಸ್ಸು ಬೇಗ ಅರ್ಥವಾಗುತ್ತದೆ.

1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ಮೊದಲ ಇಬ್ಬರು ಧರ್ಮಾಧ್ಯಕ್ಷರೂ ಇದೇ ಫ್ರಾನ್ಸಿಸರ ಸಭೆಯವರು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ತಮಿಳು, ತೆಲುಗು ನಾಡುಗಳಿಂದ ಬಂದ ಕೂಲಿಗಳಲ್ಲಿ ಕ್ರೈಸ್ತರೂ ಇದ್ದರು. ತವರು ಬಿಟ್ಟು ಬಂದವರಿಗೆ ಗೋದಲಿ ಬಹಳ ಹತ್ತಿರದ ಸಂಗತಿ. ತಿರುಕುಟುಂಬವೂ ಊರು ಬಿಟ್ಟು ಬಂದದ್ದೇ ತಾನೇ?

ನಮ್ಮ ಮನೆಗಳ ಹಬ್ಬ

ಗೋದಲಿ ಕಟ್ಟುವ ಹತ್ತು ದಿನ ಮೊದಲೇ ಮಕ್ಕಳು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಸಾಸಿವೆಯನ್ನೋ ಬಿತ್ತುತ್ತಾರೆ. ದಿನವೂ ನೀರು ಚಿಮುಕಿಸಿ, ಮೊಳಕೆ ಬಂತೇ ಎಂದು ಬಗ್ಗಿ ನೋಡುತ್ತಾರೆ. ಆಗಮನ ಕಾಲದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಬೋಧನೆಯನ್ನು ಯಾವ ಗುರುವೂ ಕೊಡಲಾರ. ಬಾಗಿಲಿಗೆ ತೂಗುಹಾಕುವ ನಕ್ಷತ್ರಕ್ಕೂ ಮಕ್ಕಳದೇ ಚರಿತ್ರೆಯಿದೆ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿ, ಮೊರೇವಿಯನ್ ಸಭೆಯ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠಕ್ಕಾಗಿ ಕಾಗದದ ನಕ್ಷತ್ರ ಮಾಡಿದರು. ಅದು ಲೋಕದ ಹಲವೆಡೆ ಹಬ್ಬದ ದೀಪವಾಯಿತು. ಬಿದಿರ ಕಡ್ಡಿ, ಬಣ್ಣದ ಕಾಗದ, ಅಂಟು ಇದ್ದರೆ ನಮ್ಮ ಹುಡುಗರು ಒಂದು ಸಂಜೆಯಲ್ಲಿ ನಕ್ಷತ್ರ ಕಟ್ಟುತ್ತಾರೆ.

ಚಳಿಯಲ್ಲಿ ಮನೆಮನೆಗೆ ಹೋಗಿ ಕ್ಯಾರೋಲ್ ಹಾಡಿ ಬಂದ ಯುವಕರಿಗೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಒಂದು ಲೋಟ ಚಹಾ ಸಿಕ್ಕರೆ ಅದೇ ಹಬ್ಬದೂಟ. ಆ ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂತು. ಮಂಡಕ್ಕಿಯಲ್ಲಿ ಬೆರೆಸುವ ಶೇಂಗಾದ ತವರೂ ಅದೇ ಖಂಡ. ಕರಾವಳಿಯಿಂದ ಬಂದು ನೆಲೆಸಿದ ಕುಟುಂಬಗಳು ಕುಸ್ವಾರಿನ ತಟ್ಟೆಯಲ್ಲಿ ತರುವ ನೆವ್ರಿ ಇಲ್ಲಿನ ಕರ್ಜಿಕಾಯಿಯ ಅಕ್ಕನೇ. ಇಂಥ ತಟ್ಟೆ ಪಕ್ಕದ ಹಿಂದೂ ಮನೆಗೂ ಮುಸ್ಲಿಂ ಮನೆಗೂ ಹೋಗುತ್ತದೆ. ದೀಪಾವಳಿಗೆ, ರಂಜಾನಿಗೆ ಅದೇ ತಟ್ಟೆ ತುಂಬಿ ಮರಳುತ್ತದೆ.

ಸಂಡೂರಿನ ಗುಡ್ಡಗಳ ನಡುವೆ ಡಿಸೆಂಬರಿನ ಬೆಳಗು ತಣ್ಣಗಿರುತ್ತದೆ. ಅಜ್ಜಿಯ ಹಳೆಯ ಸೀರೆಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಬೆಚ್ಚನೆ ಯಾವ ಅಂಗಡಿಯಲ್ಲೂ ಸಿಗದು. ಅಲ್ಲಿಯ ಲಂಬಾಣಿ ತಾಯಂದಿರು ತುಂಡು ಬಟ್ಟೆಗೆ ಕನ್ನಡಿ, ಕವಡೆ, ಬಣ್ಣದ ದಾರ ಸೇರಿಸಿ ಮಾಡುವ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2023ರ ಜುಲೈಯಲ್ಲಿ ಹಂಪೆಯಲ್ಲಿ ನಡೆದ ಜಿ-20 ಸಭೆಯ ವೇಳೆ ಅವರ 1755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಲೋಕ ಬೆರಗಾಗಿ ನೋಡಿದ್ದು ತುಂಡು ಬಟ್ಟೆಗಳನ್ನು! ಮಾತೆ ಮರಿಯಮ್ಮನವರು ಬಾಲಯೇಸುವನ್ನು ಸುತ್ತಿದ್ದೂ ಅಂಥ ಒಂದು ಬಟ್ಟೆಯಲ್ಲಿಯೇ ಇರಬೇಕು.

ಕೆಂಪು ಧೂಳು ಇಳಿದ ಮೇಲೆ

ಇಷ್ಟೆಲ್ಲ ಹೇಳಲು ಒಂದು ಕಾರಣವಿದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಗಳ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿಗಳು ಓಡಿದವು. ಮರಗಳ ಎಲೆಗಳೂ ಕೆಂಪಾದವು. ಹಣ ಬಂತು, ಹಬ್ಬಗಳೂ ದೊಡ್ಡದಾದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ನೆಲದ ಸುಲಿಗೆಗೆ ಅಂಥ ತಡೆ ಬೇಕೇ ಆಗಿತ್ತು. ಆದರೆ ಚಾಲಕರು, ಕ್ಲೀನರುಗಳು, ಗ್ಯಾರೇಜಿನವರು, ರಸ್ತೆ ಬದಿಯ ಹೋಟೆಲಿನವರು ಏಕಾಏಕಿ ಕೆಲಸ ಕಳೆದುಕೊಂಡರು. ನಂತರದ ವರ್ಷಗಳಲ್ಲಿ ಗಣಿಗಳು ಹಂತಹಂತವಾಗಿ ತೆರೆದವು.

2011ರಲ್ಲೂ ಡಿಸೆಂಬರ್ 25 ಬಂತು. ಕಂತು ಕಟ್ಟಲಾಗದ ಮನೆಗಳಲ್ಲಿ ಕೇಕು ಇರಲಿಲ್ಲ. ಗೋದಲಿಗೆ ಬೇಕಾದದ್ದು ಹುಲ್ಲು, ಮಣ್ಣು, ಮೊಳಕೆ ಬರಿಸಿದ ರಾಗಿ. ಇವಕ್ಕೆ ಅದಿರಿನ ಬೆಲೆಯ ಹಂಗಿರಲಿಲ್ಲ. ಕೈ ಬರಿದಾದವನೂ ಕಟ್ಟಬಹುದಾದ ಗೋದಲಿಯಲ್ಲಿಯೇ ಪ್ರಭು ಹುಟ್ಟಿದರು. ಈ ಸತ್ಯವನ್ನು ಕಷ್ಟದ ವರ್ಷ ನಮಗೆ ಕಲಿಸಿತು.

ಆದ್ದರಿಂದ ಪ್ರಿಯರೇ, ಈ ಸಲ ಹಬ್ಬ ಇಲ್ಲವೆನ್ನುವ ಮನೆಗಳು ನಿಮ್ಮ ಬೀದಿಯಲ್ಲಿದ್ದರೆ ಮೊದಲು ಅಲ್ಲಿಗೆ ಹೋಗಿರಿ. ದುಃಖ ಬಿಡಿ, ನಗಿರಿ ಎಂದು ಉಪದೇಶಿಸಬೇಡಿರಿ. ಸತ್ತವರ ಹೆಸರು ಹೇಳಿ ಒಂದು ಪ್ರಾರ್ಥನೆ ಮಾಡಿರಿ, ಜೊತೆಯಲ್ಲಿ ಕುಳಿತು ಚಹಾ ಕುಡಿಯಿರಿ, ಅವರ ಮಕ್ಕಳೊಂದಿಗೆ ನಕ್ಷತ್ರ ಕಟ್ಟಿರಿ. ಹೊಸ ಅಕ್ಕಿ ಬಂದಿದ್ದರೆ ಒಂದು ಸೇರು ಕೊಡಿರಿ. ನಿಮ್ಮ ಮನೆಯಲ್ಲಿಯೇ ಆ ದುಃಖವಿದ್ದರೆ, ಹಬ್ಬದ ಹಿಂದಿನ ರಾತ್ರಿ ಬಾಗಿಲಲ್ಲಿ ಒಂದೇ ಒಂದು ಎಳ್ಳೆಣ್ಣೆಯ ದೀಪ ಹಚ್ಚಿರಿ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಕೊಂತಿಯ ನೆನಪಿನಲ್ಲಿ ಇದೇ ನಾಡಿನ ದೀಪಗಳು ಆರದೆ ಉಳಿದಿದ್ದವು. ಗೋದಲಿಯ ಕಂದನು ದೊಡ್ಡ ಬೆಳಕಿಗಾಗಿ ಕಾಯುವವರಲ್ಲ. ಆ ಒಂದು ದೀಪದ ಬೆಳಕಿನಲ್ಲಿ ನಿಮ್ಮ ಮನೆಯ ಹೊಸಿಲನ್ನು ಖಂಡಿತ ಗುರುತಿಸುತ್ತಾರೆ.

ಬಾಲಯೇಸು ನಿಮ್ಮೆಲ್ಲರನ್ನೂ, ನಿಮ್ಮ ಹೊಲ ಮನೆಗಳನ್ನೂ ದನಕರುಗಳನ್ನೂ ಆಶೀರ್ವದಿಸಲಿ. ಸರ್ವರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.