ಲೋಟದ ಮೇಲಿನ ಹೆಸರು



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವುದೇ ಮನೆಯ ಜಗಲಿಯ ಮೇಲೆ ಸಂಜೆ ಹೊತ್ತು ಅರ್ಧ ಗಂಟೆ ಕುಳಿತುಕೊಳ್ಳಿ. ಎರಡು ಬಗೆಯ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಒಂದು, ಸಂತೆಯ ಮಾತು: "ಈ ಡಬರಿ ಎಷ್ಟಕ್ಕೆ ತಂದೆ ಕಣವ್ವ? ತೂಕಕ್ಕೆ ಕೊಟ್ನಾ, ಲೆಕ್ಕಕ್ಕೆ ಕೊಟ್ನಾ?" ಇನ್ನೊಂದು, ಸ್ಕೂಲಿನ ಮಾತು: "ನಾನು ಏಳನೇ ಕ್ಲಾಸಲ್ಲಿದ್ದಾಗ ಹೋಬಳಿ ಮಟ್ಟದಲ್ಲಿ ಓಡಿದ್ದೆ ಕಣ್ಲಾ!" ಈ ಎರಡು ಮಾತಿಗೂ ಸಂಬಂಧವೇ ಇಲ್ಲ ಎಂದು ನಿಮಗೆ ತೋರಬಹುದು. ಆದರೆ ಇವೆರಡೂ ಕೂಡುವ ಒಂದು ವಸ್ತು ಎಷ್ಟೋ ಮನೆಗಳ ಅಟ್ಟದ ಮೇಲಿದೆ. ಅದು ಶಾಲೆಯ ಆಟೋಟದಲ್ಲಿ ಬಹುಮಾನವಾಗಿ ಬಂದ ಸ್ಟೀಲ್ ಲೋಟ ಅಥವಾ ತಟ್ಟೆ. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಒಂದು ಹೆಸರು, ಒಂದು ಇಸವಿ, "ಪ್ರಥಮ" ಅಥವಾ "ದ್ವಿತೀಯ" ಎಂಬ ಒಂದು ಪದ.

ಈ ಲೋಟವನ್ನು ಒಂದು ಚಿಕ್ಕ ಶಾಸನವೆಂದು ತಿಳಿದು ಓದುವುದು ಹೇಗೆ? ಈ ಸಲ ಅದನ್ನು ನೋಡೋಣ.

ಒಂದು ಹಳೆಯ ಬಹುಮಾನ

ಶಾಸನವೆಂದರೆ ಕಲ್ಲಿನ ಮೇಲಿನ ಬರಹ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲೊಂದು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ಚೋಳರನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ, ಬೇಕಾದ್ದನ್ನು ಕೇಳೆಂದು ಅರಸ ಹೇಳಿದಾಗ ಅವನು ಕೇಳಿದ್ದೇನು ಗೊತ್ತೇ? ಹೊನ್ನಲ್ಲ, ಊರಲ್ಲ, ಕಾಳಿ ಎಂಬ ಹೆಸರಿನ ಒಂದು ನಾಯಿ! ಮುಂದೆ ಆ ನಾಯಿ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ ಮತ್ತು ಹಂದಿಯ ಕಾಳಗದ ಚಿತ್ರವನ್ನೂ ಕೆತ್ತಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾವಿರ ವರ್ಷಗಳ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತು. ಏಕೆಂದರೆ ಯಾರೋ ಅದನ್ನು ಬರೆದಿಟ್ಟರು. ಆದರೆ 40 ವರ್ಷಗಳ ಹಿಂದೆ ನಿಮ್ಮ ಊರಿನ ಶಾಲೆಯ ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಹುಡುಗಿಯ ಹೆಸರು ಗೊತ್ತೇ? ಪತ್ರಿಕೆಯಲ್ಲಿ ಅದು ಅಚ್ಚಾಗಿರಲಿಕ್ಕಿಲ್ಲ. ಎಲ್ಲಾದರೂ ಉಳಿದಿದ್ದರೆ ಒಂದು ಲೋಟದ ಮೇಲೆ ಉಳಿದಿರಬೇಕು.

ಮಣ್ಣಿನಿಂದ ಸ್ಟೀಲಿನವರೆಗೆ

ಇನ್ನು ಲೋಟದ ಲೋಹವನ್ನೇ ಓದೋಣ. ಅದಕ್ಕೊಂದು ಕಾಲಕ್ರಮವಿದೆ.

ನಿಮ್ಮ ಮುತ್ತಜ್ಜಿಯ ಅಡುಗೆಮನೆಯಲ್ಲಿ ಹೆಚ್ಚಾಗಿ ಇದ್ದದ್ದು ಮಣ್ಣು: ಮಡಕೆ, ಕುಡಿಕೆ, ಗುಡಾಣ, ಕಾಳು ತುಂಬಿಡುವ ವಾಡೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಬಿರುಕಿಲ್ಲದ ಮಡಕೆ ಇಡಿಯಾಗಿ ಕಂಪಿಸಿ ಠಣ್ ಎನ್ನುತ್ತದೆ. ಬಿರುಕಿದ್ದರೆ ಕಂಪನ ಅಲ್ಲಿಯೇ ನಶಿಸಿ ಬೊದ್ದು ಸದ್ದು ಬರುತ್ತದೆ. ಭೌತಶಾಸ್ತ್ರ ಓದದ ಅಜ್ಜಿಗೂ ಈ ಪರೀಕ್ಷೆ ತಿಳಿದಿತ್ತು.

ಅನುಕೂಲಸ್ಥರ ಮನೆಯಲ್ಲಿ ತಾಮ್ರ, ಹಿತ್ತಾಳೆ, ಕಂಚು ಇರುತ್ತಿತ್ತು. ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ಕೆಲಸಕ್ಕೆ ಹೆಸರಾದ ಊರು. ಆದರೆ ತಾಮ್ರ, ಹಿತ್ತಾಳೆಯ ಪಾತ್ರೆಗೆ ಖರ್ಚು ಕೊಂಡ ದಿನಕ್ಕೇ ಮುಗಿಯುತ್ತಿರಲಿಲ್ಲ. ಹುಣಸೆಹುಳಿ ತಾಮ್ರದೊಡನೆ ಸೇರಿದರೆ ಅಡುಗೆ ಕೆಡುತ್ತದೆ, ಕಿಲುಬು ಹತ್ತುತ್ತದೆ. ಅದಕ್ಕಾಗಿ ಆಗಾಗ ಕಲಾಯಿ ಹಾಕಿಸಬೇಕು. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ಉಜ್ಜಿ, ತವರವನ್ನು ತೆಳ್ಳಗೆ ಸವರುತ್ತಿದ್ದ. ಆ ತವರದ ಪದರ ಹುಳಿಗೂ ತಾಮ್ರಕ್ಕೂ ನಡುವೆ ತಡೆಯಾಗಿ ನಿಲ್ಲುತ್ತಿತ್ತು.

ಬಳಿಕ ಬಂದದ್ದು ಅಲ್ಯೂಮಿನಿಯಂ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ "ಸಿಲ್ವರ್ ಪಾತ್ರೆ" ಎನ್ನುತ್ತಾರೆ. ಬೆಳ್ಳಿಗೂ ಇದಕ್ಕೂ ಸಂಬಂಧವಿಲ್ಲ. ಅದಿರಿನಿಂದ ಅಲ್ಯೂಮಿನಿಯಮನ್ನು ವಿದ್ಯುತ್ತಿನ ನೆರವಿನಿಂದ ಅಗ್ಗವಾಗಿ ಬೇರ್ಪಡಿಸುವ ವಿಧಾನ ತಿಳಿದದ್ದು 1886ರಲ್ಲಿ. ಮದರಾಸಿನ ಕಲಾಶಾಲೆಯಲ್ಲಿ 1890ರ ದಶಕದ ಕೊನೆಯಲ್ಲಿ ಈ ಲೋಹದ ಪಾತ್ರೆಗಳ ತಯಾರಿಕೆಗೆ ದಾರಿ ಮಾಡಿದವರು ಆಲ್ಫ್ರೆಡ್ ಚಾಟರ್ಟನ್. ಇದೇ ಚಾಟರ್ಟನ್ 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಅಲ್ಯೂಮಿನಿಯಮಿನ ಸಾಂದ್ರತೆ ತಾಮ್ರದ ಸುಮಾರು ಮೂರನೆಯ ಒಂದು ಭಾಗ. ಹಗುರ, ಅಗ್ಗ, ಕಲಾಯಿ ಬೇಕಿಲ್ಲ. ಬಡವರ ಮನೆಗೂ ಲೋಹದ ಪಾತ್ರೆ ಬರಲು ಇದೇ ಕಾರಣ.

ಸ್ಟೇನ್‌ಲೆಸ್ ಸ್ಟೀಲಿನ ಕಥೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿಯಿಂದ ಆರಂಭವಾಯಿತು ಎನ್ನುವುದುಂಟು. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆಸಿದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಏರ್ಪಡುತ್ತದೆ. ಗೀರಿದರೂ ಅದು ಗಾಳಿಯ ಆಮ್ಲಜನಕದಿಂದ ಮತ್ತೆ ಕೂಡಿಕೊಳ್ಳುತ್ತದೆ; ಆದ್ದರಿಂದ ತುಕ್ಕಿಲ್ಲ. ನಮ್ಮ ನೆರೆಯ ಸೇಲಂನಲ್ಲಿ ಸರ್ಕಾರಿ ಕಾರ್ಖಾನೆ ಸ್ಟೇನ್‌ಲೆಸ್ ಹಾಳೆಗಳನ್ನು ತಯಾರಿಸತೊಡಗಿದ್ದು 1980ರ ದಶಕದ ಆರಂಭದಲ್ಲಿ. ಹಿಂದೆ ಮದುವೆಗೆ ಮಾತ್ರ ಕೊಳ್ಳುತ್ತಿದ್ದ ಸ್ಟೀಲು ಕ್ರಮೇಣ ಸಂತೆಗೂ ಬಂತು, ಹಳೆ ಬಟ್ಟೆಗೆ ಪಾತ್ರೆ ಕೊಡುವವರ ಬುಟ್ಟಿಗೂ ಬಂತು.

ಕೆಲವರು ಅಯಸ್ಕಾಂತ ಹಿಡಿದು ಸ್ಟೀಲಿನ ಗುಣ ಪರೀಕ್ಷಿಸುತ್ತಾರೆ. ನಿಕ್ಕಲ್ ಬೆರೆತ ಉತ್ತಮ ಸ್ಟೀಲು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ. ಆದರೆ ನಿಕ್ಕಲಿನ ಬದಲು ಹೆಚ್ಚಾಗಿ ಮ್ಯಾಂಗನೀಸ್ ಬೆರೆಸಿದ ಅಗ್ಗದ ಸ್ಟೀಲೂ ಅಂಟುವುದಿಲ್ಲ! ಆದ್ದರಿಂದ ಅಯಸ್ಕಾಂತದ ಸಾಕ್ಷಿಯೊಂದನ್ನೇ ನಂಬಿ ತೀರ್ಪು ಕೊಡಬಾರದು. ಈ ಮಾತು ನೆನಪಿಡಿ, ಇತಿಹಾಸದ ಸಾಕ್ಷಿಗಳಿಗೂ ಇದೇ ನಿಯಮ.

ಬಹುಮಾನ ಪಾತ್ರೆಯೇ ಏಕೆ?

ಮಂಡ್ಯ ಸೀಮೆಯಲ್ಲಿ ಕೊಳ್ಳುವ ಶಕ್ತಿ ಬಂದದ್ದು ನೀರಿನಿಂದ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಜೋಳ ಬೆಳೆದು ಉಣ್ಣುತ್ತಿದ್ದ ಕಡೆ ಕಬ್ಬಿನ ಹಣ ಓಡಾಡತೊಡಗಿತು. ನಾಲೆಯ ನೀರು ಎಲ್ಲ ಹಳ್ಳಿಗೂ ಮುಟ್ಟಲಿಲ್ಲ. ಮಳವಳ್ಳಿ ತಾಲ್ಲೂಕಿನ ಹಲವು ಊರುಗಳು ಮಳೆಯನ್ನೇ ನಂಬಿದ್ದವು. ಅದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು ಎಂಬುದನ್ನೂ ಜೊತೆಗಿಟ್ಟು ಯೋಚಿಸಿ.

ಇಂಥ ಸೀಮೆಯ ಶಾಲೆಯಲ್ಲಿ ಆಟೋಟ ನಡೆಯಬೇಕು. ಹಣ ಕಡಿಮೆ. ಹಾಗಾಗಿ ಆಟದ ಸಾಮಾನೂ ಮನೆಯಿಂದಲೇ ಬರುತ್ತಿತ್ತು. ಒಂದು ಪಟ್ಟಿ ಮಾಡಿ ನೋಡಿ: ನಿಂಬೆಹಣ್ಣು ಮತ್ತು ಚಮಚ, ಗೋಣಿಚೀಲದ ಓಟ, ಕೊಡ ಹೊತ್ತು ನಡೆಯುವುದು, ಕಣ್ಣು ಕಟ್ಟಿ ಮಡಕೆ ಒಡೆಯುವುದು, ಬಾವಿಯ ಹಗ್ಗದಿಂದ ಹಗ್ಗಜಗ್ಗಾಟ. ಲಗೋರಿಗೆ ಒಡೆದ ಹಂಚಿನ ಚೂರು, ಕುಂಟೆಬಿಲ್ಲೆಗೂ ಅದೇ. ಕಬಡ್ಡಿಗೆ ಅದೂ ಬೇಡ, ಒಂದು ಗೆರೆ ಮತ್ತು ಒಂದು ಉಸಿರು ಸಾಕು. ಬಡ ಶಾಲೆಗಳ ಈ ಆಟವೇ 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದ ಪದಕದ ಆಟವಾಯಿತು; ಭಾರತ ಚಿನ್ನ ಗೆದ್ದಿತು. ಎರಡು ಕಂಬ ನೆಟ್ಟರೆ ಮುಗಿಯುವ ಖೋ ಖೋ ಆಟಕ್ಕೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆಯಿತು. ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಅವರ ಊರು ಕುರುಬೂರು. ಅದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿದೆ.

ಇನ್ನು ಬಹುಮಾನ. ಊರಿನ ದಾನಿಯೊಬ್ಬರು ಕೊಟ್ಟ ಅಷ್ಟಿಷ್ಟು ಹಣದಲ್ಲಿ ಮೇಷ್ಟ್ರು ಪೇಟೆಗೆ ಹೋಗಿ ಹತ್ತಾರು ಮಕ್ಕಳಿಗೆ ಆಗುವಷ್ಟು ಸಾಮಾನು ತರಬೇಕು. ಲೋಟ, ತಟ್ಟೆ, ಸೋಪಿನ ಡಬ್ಬಿ, ತಿಂಡಿಯ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂಥವು. ಪದಕ ಗೋಡೆಯ ಮೇಲೆ ತೂಗುತ್ತದೆ. ಲೋಟ ಮರುದಿನವೇ ಮನೆಯ ಕೆಲಸಕ್ಕೆ ಬರುತ್ತದೆ. "ಆಟ ಆಡಿದ್ರೆ ಹೊಟ್ಟೆ ತುಂಬ್ತದಾ?" ಎಂದು ಕೇಳುವ ಅಪ್ಪನ ಮುಂದೆ ಮಗಳು ಇಟ್ಟ ತಟ್ಟೆ ಆ ಪ್ರಶ್ನೆಗೆ ಒಳ್ಳೆಯ ಉತ್ತರವೇ ಆಗಿತ್ತು, ಅಲ್ಲವೇ?

ಓದುವ ಕ್ರಮ

ಈಗ ಲೋಟವನ್ನು ಕೈಗೆ ತೆಗೆದುಕೊಳ್ಳಿ. ಕೆತ್ತಿದ ಇಸವಿ ಕ್ರೀಡಾಕೂಟದ್ದು, ಲೋಟ ತಯಾರಾದದ್ದಲ್ಲ ಎಂಬುದನ್ನು ಮೊದಲು ಗಮನಿಸಿ. ದೂರವನ್ನು ಗಜದಲ್ಲಿ ಬರೆದಿದೆಯೇ, ಮೀಟರಿನಲ್ಲಿ ಬರೆದಿದೆಯೇ? 1958ರ ಕಾರ್ಡಿಫ್ ಕ್ರೀಡಾಕೂಟದಲ್ಲಿ ಮಿಲ್ಖಾ ಸಿಂಗ್ ಚಿನ್ನ ಗೆದ್ದದ್ದು 440 ಗಜದ ಓಟದಲ್ಲಿ. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಅದು ಹಂತಹಂತವಾಗಿ ಜಾರಿಯಾಯಿತು. ಇಸವಿ ಅಳಿಸಿಹೋಗಿದ್ದರೂ "ಗಜ" ಎಂಬ ಒಂದು ಪದ ಲೋಟದ ವಯಸ್ಸನ್ನು ಊಹಿಸಲು ನೆರವಾಗುತ್ತದೆ.

ಬಳಿಕ ಮನೆಯ ಹಿರಿಯರನ್ನು ಮಾತಿಗೆಳೆಯಿರಿ. ಇಸವಿ ಕೇಳಿದರೆ ಅವರಿಗೆ ಹೇಳಲಾಗದು. "ಇಂದಿರಾ ಗಾಂಧಿ ತೀರಿಕೊಂಡ್ರಲ್ಲ, ಅದರ ಮುಂದಿನ ವರ್ಷ" ಎಂದರೆ 1985 ಎಂದು ನೀವೇ ಬರೆದುಕೊಳ್ಳಬಹುದು. "ಆಗ ಲೋಟಕ್ಕೆ ಎಂಟಾಣೆ" ಎಂದರೆ ಅಷ್ಟಕ್ಕೇ ನಿಲ್ಲಬೇಡಿ. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಆಮೇಲೂ 50 ಪೈಸೆಗೆ ಜನ ಎಂಟಾಣೆ ಎಂದೇ ಕರೆದರು. ಆ ದಿನದ ಕೂಲಿ ಎಷ್ಟಿತ್ತೆಂದು ಕೇಳಿ. ಎಷ್ಟು ದಿನದ ಕೂಲಿಗೆ ಒಂದು ಲೋಟ ಬರುತ್ತಿತ್ತು ಎಂಬ ಲೆಕ್ಕವೇ ಆ ಕಾಲದ ನಿಜವಾದ ಬೆಲೆ.

ಕೊನೆಗೆ, ಲೋಟ ಹೇಳುವುದನ್ನೂ ಹಿರಿಯರು ಹೇಳುವುದನ್ನೂ ಶಾಲೆಯ ದಾಖಲಾತಿ ವಹಿಯೊಡನೆ ಹೋಲಿಸಿ ನೋಡಿ. ಮೂರೂ ಒಪ್ಪಿದರೆ ಅದು ಇತಿಹಾಸ. ಒಪ್ಪದಿದ್ದರೆ ಒಪ್ಪದಿರುವುದನ್ನೂ ಹಾಗೆಯೇ ಬರೆಯಿರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೆಲಸ ತುರ್ತಿನದು. ಮದುವೆಯಾದ ಮೇಲೆ ಎಷ್ಟೋ ಜನರ ಇನಿಷಿಯಲ್ ಬದಲಾಗುತ್ತದೆ, ಊರು ಬದಲಾಗುತ್ತದೆ, ಕೆಲವರ ಹೆಸರೇ ಬದಲಾಗುತ್ತದೆ. ಓಡಿದ ಹುಡುಗಿಯ ಹೆಸರು ಇರುವ ಲೋಟ ತವರಿನಲ್ಲೇ ಉಳಿದು, ಅಂಚು ಬಿಟ್ಟುಕೊಂಡು, ಒಂದು ದಿನ ಹಳೆ ಪಾತ್ರೆಯ ತಕ್ಕಡಿಗೆ ಬೀಳುತ್ತದೆ. ಸ್ಟೀಲು ಕರಗಿ ಮತ್ತೆ ಹೊಸ ಪಾತ್ರೆಯಾಗುತ್ತದೆ, ಲೋಹಕ್ಕೆ ನಷ್ಟವೇನಿಲ್ಲ. ಹೆಸರು ಮಾತ್ರ ಮರಳಿ ಬರುವುದಿಲ್ಲ.

ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ, ಮಂಡ್ಯ, ಮಳವಳ್ಳಿ ಕಡೆಯ ಶಾಸನಗಳ ಸಂಪುಟವನ್ನು 1894ರಲ್ಲಿ ಅಚ್ಚು ಮಾಡಿಸಿದರು. ಅವರು ಹೊಲ, ಕೆರೆ ಏರಿ, ಗುಡಿಯ ಅಂಗಳಗಳ ಕಲ್ಲುಗಳ ಬರಹವನ್ನು ಪ್ರತಿ ಮಾಡಿಸಿದರು. ನಿಮ್ಮ ಪಾಲಿಗೆ ಅಷ್ಟು ಕಷ್ಟವಿಲ್ಲ. ಒಂದು ನೋಟ್ ಪುಸ್ತಕ ತೆಗೆದುಕೊಂಡು ನಿಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ. ಪಾತ್ರೆ, ಲೋಹ, ಹೆಸರು, ಆಟ, ಸ್ಥಾನ, ಶಾಲೆ, ಇಸವಿ ಎಂದು ಏಳು ಕಾಲಂ ಹಾಕಿ. ಬಹುಮಾನ ಬಾರದವರನ್ನೂ ಕೇಳಿ, ಏಕೆಂದರೆ ಓಟದಲ್ಲಿ ಮೂವರಿಗೆ ಲೋಟ ಸಿಕ್ಕರೆ ಉಳಿದವರೆಲ್ಲ ಬರಿಗೈಯಲ್ಲೇ ಮನೆಗೆ ಹೋಗಿರುತ್ತಾರೆ, ಅವರ ಹೆಸರು ಯಾವ ಲೋಹದ ಮೇಲೂ ಇರುವುದಿಲ್ಲ. ಹಿರಿಯರ ಅನುಮತಿ ಪಡೆದು ಬರೆಯಿರಿ. ಬರೆದದ್ದರ ಒಂದು ಪ್ರತಿಯನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿ.